ಅರವತ್ತೆಂಟು ವರ್ಷದ ಆರು ಏಟು

“ಚಾಡಿಕೋರ! ಇದಕ್ಕೇ ಅರವತ್ತೆಂಟು ವರ್ಷ ಕಾದಿದ್ದೆ ಕಣೋ!”

ಛಟೀರ್!

ಎಡಿನ್‌ಬರೋದ ಆಸ್ಪತ್ರೆಯೊಂದರ ಕಾಯುವ ಕೋಣೆ ಅದು. ಎಪ್ಪತ್ತೊಂಬತ್ತರ ಸೆಂಗಾ, ಅಷ್ಟೇ ವಯಸ್ಸಿನ ಡೂಗಲ್‌ನ ಕೆನ್ನೆಗೆ ಬಾರಿಸಿದ್ದಳು. ಅವನ ಕನ್ನಡಕ ಹಾರಿ ಬಿಸ್ಕತ್ತಿನ ತಟ್ಟೆಗೆ ಬಿತ್ತು.

“ಕೈ ಇನ್ನೂ ಗಟ್ಟಿಯಿದೆ ನಿಂದು,” ಎಂದ ಡೂಗಲ್, ತುಟಿಯ ರಕ್ತ ಒರೆಸುತ್ತಾ.

“ನಗಬೇಡ! ಇನ್ನೊಂದು ಬಿಡ್ತೀನಿ!”

1947ರಲ್ಲಿ ಸ್ಕಾಟ್ಲೆಂಡಿನ ಹನ್ನೊಂದು ವರ್ಷದ ಮಕ್ಕಳೆಲ್ಲ ಒಂದೇ ದಿನ ಒಂದೇ ಬುದ್ಧಿಪರೀಕ್ಷೆ ಬರೆದಿದ್ದರು. ಮುಪ್ಪಿನಲ್ಲಿ ಮಿದುಳಿನಲ್ಲಿ ಏನು ಉಳಿದಿದೆ, ಏನು ಸವೆದಿದೆ ಎಂದು ನೋಡಲು ಡಾಕ್ಟರುಗಳು ಮೂರು ವರ್ಷಕ್ಕೊಮ್ಮೆ ಅವರನ್ನು ಕರೆದು ಅದೇ ಪರೀಕ್ಷೆ ಕೊಡುತ್ತಿದ್ದರು. ಸೆಂಗಾ ಆ ಕರೆಯ ಕಾಗದಗಳನ್ನೆಲ್ಲ ಒಲೆಗೆ ಹಾಕಿದ್ದಳು. ಈ ಸಲ ಮಾತ್ರ ಬಂದಿದ್ದಳು... ಇವನಿಗೆ ಹೊಡೆಯದೆ ಸಾಯಬಾರದೆಂದು!

ಅಂದು ಪರೀಕ್ಷೆಯ ನಡುವೆ ಪಕ್ಕದ ಡೆಸ್ಕಿನ ಡೂಗಲ್ ಎದ್ದು ಹೋಗಿ ಮೇಷ್ಟ್ರ ಕಿವಿಯಲ್ಲಿ ಏನೋ ಉಸುರಿದ್ದ. ಮರುಕ್ಷಣವೇ ಮೇಷ್ಟ್ರು ಅವಳನ್ನು ಕರೆದು, ಸೀಳು ತುದಿಯ ಚರ್ಮದ ಪಟ್ಟಿಯಿಂದ ಅಂಗೈಗೆ ಆರು ಏಟು ಕೊಟ್ಟಿದ್ದರು. ರಕ್ತ ಸುರಿಸುತ್ತಾ ಓಡಿದವಳು ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಮ್ಮ ಅವಳನ್ನು ದೂರದೂರಿನ ಚಿಕ್ಕಮ್ಮನ ಮನೆಗೆ ಕಳಿಸಿಬಿಟ್ಟಳು.

ಅವಳು ಮನಸಾರೆ ಮೆಚ್ಚಿದ್ದ ಹುಡುಗ... ಅವನೇ ಹೀಗೆ ಮಾಡಿದನಲ್ಲ!

“ನಾನು ಕಾಪಿ ಹೊಡೆದೆ ಅಂತ ಚಾಡಿ ಹೇಳಿದೆ ಅಲ್ವೇನೋ?”

“ನಾನೇ ನಿಂದು ನೋಡಿ ಬರೆದೆ ಅಂತ ಹೇಳ್ದೆ ಕಣೇ! ತೋರಿಸಿದವಳಿಗೆ ಮೊದಲ ಏಟು ಅಂದ ಆ ಕಟುಕ. ನಿನ್ನ ರಕ್ತ ನೋಡಿದೆ... ಪಟ್ಟಿ ಕಿತ್ಕೊಂಡು ಅವನ ಮುಖಕ್ಕೇ ಬಾರಿಸಿದೆ. ಮೂಗು ಮುರೀತು. ಪುಂಡರ ಶಾಲೆಗೆ ಹಾಕಿದ್ರು, ಐದು ವರ್ಷ.”

“ಸುಳ್ಳು!”

ಅವನು ಅಂಗಿಯ ತೋಳು ಮಡಚಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಹಳೆಯ ಬಾಸುಂಡೆಗಳ ಬಿಳಿ ಗೆರೆಗಳು. ಸೆಂಗಾ ಅವುಗಳ ಮೇಲೆ ಬೆರಳಾಡಿಸಿದಳು.

“ಅಲ್ಲಿಂದ ಬಿಟ್ಟ ಮೇಲೆ ನನ್ನ ಹುಡುಕ್ಲಿಲ್ಲ ಯಾಕೆ?”

“ನಿನ್ನ ಕೈ ಸುಲಿಸಿದ್ದು ನನ್ನ ಬಾಯೇ ತಾನೆ? ಯಾವ ಮುಖ ಹೊತ್ತು ಬರಲಿ? ಮದುವೆನೂ ಬೇಡ ಅನ್ನಿಸ್ತು. ಪ್ರತಿ ಸಲ ಇಲ್ಲಿಗೆ ಬಂದು ಆ ಬಾಗಿಲನ್ನೇ ನೋಡ್ತಾ ಕೂರ್ತಿದ್ದೆ. ಪರೀಕ್ಷೆ ಯಾವನಿಗೆ ಬೇಕಿತ್ತು?”

ಗಂಡ ತೀರಿ ಹತ್ತು ವರ್ಷವಾದರೂ ಅಳದಿದ್ದ ಸೆಂಗಾ ಬಿಕ್ಕಿದಳು.

“ಚಿಕ್ಕಂದಿನಲ್ಲಿ ಮಿದುಳಲ್ಲಿ ಸಿಟ್ಟಿಗೆ ಕಡಿವಾಣ ಹುಟ್ಟಿರಲ್ವಂತೆ,” ಎಂದ ಅವನು ಮೆಲ್ಲಗೆ. “ನಂದು ಈಗ ಸವೆದೂ ಹೋಗಿದೆ ಅಂತಾರೆ ಡಾಕ್ಟರು. ಹೋದ ವಾರ ಭಾವನ ಹಲ್ಲು ಉದುರಿಸಿದೆ... ಯಾಕಂತ ನೆನಪಿಲ್ಲ. ಮುಂದಿನ ಸಲ ನಿನ್ನನ್ನೇ ಯಾರು ಅಂತೀನಿ, ಸೆಂಗಾ.”

ಪರೀಕ್ಷೆ ನಡೆಸುವ ಹುಡುಗಿ ಬಾಗಿಲಿಗೆ ಬಂದಳು. “ಬನ್ನಿ ಅಜ್ಜಿ, ಬನ್ನಿ ತಾತ. ಮೂರು ಗಂಟೆ ಆಗುತ್ತೆ.”

ಮೂರು ಗಂಟೆ! ಇವನಲ್ಲಿ ಉಳಿದಿರುವುದೇ ಇಷ್ಟು... ಅದನ್ನೂ ಇವರಿಗೆ ಕೊಡಲೇ?

ಸೆಂಗಾ ಅವನ ತೋಳು ಹಿಡಿದೆಳೆದಳು. “ನಡಿ, ನನ್ನ ಮನೆಗೆ.”

“ಒಂದಿನ ನಿನಗೂ ಹೊಡೆದುಬಿಟ್ರೆ?”

“ತಿರುಗಿಸಿ ಎರಡು ಕೊಡ್ತೀನಿ!”

“ನಿನ್ನನ್ನೇ ಮರೆತುಬಿಟ್ರೆ?”

“ದಿನಾ ಬೆಳಿಗ್ಗೆ ಹೇಳ್ತೀನಿ... ನಾನು ನಿನ್ನವಳು ಕಣೋ, ಅಂತ.”

“ಅಜ್ಜೀ! ಪರೀಕ್ಷೆ...!”

ಬಾಗಿಲು ಧಡಾರನೆ ಬಡಿದುಕೊಂಡಿತು. ಅವರಿಬ್ಬರೂ ಮತ್ತೆಂದೂ ಆ ಕೋಣೆಗೆ ಕಾಲಿಡಲಿಲ್ಲ.