ಉಸಿರಿನ ಗೆರೆ

ಪರದೆಯ ಮೇಲೆ ನಾಯಕಿ ತುಟಿ ತೆರೆದಳು. ಹೊರಬಂದದ್ದು ಅತ್ತಿಗೆಯ ದನಿ!

ಆ ನಾಯಕಿಗೆ ದನಿ ಕೊಡಲೆಂದು ಬಂದ ಅತ್ತಿಗೆ ಡಬ್ಬಿಂಗ್ ಕೋಣೆಯ ಬಾಗಿಲಲ್ಲೇ ಕಲ್ಲಾದಳು.

"ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲೋ!"

ಮೆತ್ತನೆಯ ಗೋಡೆಗಳು ಆ ಮಾತನ್ನೂ ನುಂಗಿದವು, ಕನಸಿನಲ್ಲಿ ಕೂಗಿದ ಹಾಗೆ.

ಜೊತೆಗೆ ಬಂದಿದ್ದ ಮೈದುನ ಕಾಲರ್ ಎತ್ತಿದ. "ಕಳ್ಳ ಯಾರೇ ಆಗ್ಲಿ ಅತ್ತಿಗೆ — ಎಂಟ್ರಿ ಅವನ್ದು, ಕ್ಲೈಮ್ಯಾಕ್ಸ್ ನಂದು!"

"ಮೊದ್ಲು ಮೂಗು ಒರೆಸ್ಕೋ, ಹೀರೋ."

ರೆಕಾರ್ಡಿಂಗಿನವನು ಬೆಪ್ಪಾದ. "ನಿಮ್ಮ ದನಿ ಯಂತ್ರ ಕಲೀಲಿ ಅಂತ ನೀವೇ ನಿನ್ನೆ ಒಪ್ಪಿಗೆ ಕಳ್ಸಿದ್ರಲ್ಲ ಮೇಡಂ? ನಿಮ್ದೇ ಮುದ್ರೆ ಇದೆ. ಇನ್ಮೇಲೆ ಎಲ್ಲಾ ಸಿನಿಮಾಕ್ಕೂ ಇದೇ ಅಂತೆ."

ಅಂತರ್ಜಾಲದಲ್ಲಿ ಅತ್ತಿಗೆಯ ಗುರುತು ಯಾವ ಕಂಪನಿಯ ಜೇಬಿನಲ್ಲೂ ಇರಲಿಲ್ಲ. ಅವಳ ಹೆಸರಲ್ಲಿ ಮುದ್ರೆ ಒತ್ತುವ ಕೀಲಿ ಅವಳ ಫೋನಿನಲ್ಲೇ. ಫೋನ್ ಕಳೆದರೆ ಇರಲಿ ಎಂದು, ತಾನು ನಂಬಿದ ಮೂವರಿಗೆ ಆ ಕೀಲಿಯ ಒಂದೊಂದು ತುಂಡು ಕೊಟ್ಟಿದ್ದಳು: ಗಂಡ, ಈ ರೆಕಾರ್ಡಿಂಗಿನವನು, ಅಲ್ಲೇ ಸೋಫಾದಲ್ಲಿ ಕೂತಿದ್ದ ಸಂಭಾಷಣೆ ಬರೆಯುವ ಗೆಳತಿ. ಯಾವ ಎರಡು ತುಂಡು ಸೇರಿದರೂ ಹೊಸ ಕೀಲಿ ಹುಟ್ಟಿ ಹಳೆಯದು ರದ್ದಾಗುತ್ತಿತ್ತು.

ಮೈದುನ ಅಣ್ಣನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದ. "ತುಂಡು ಯಾರಿಗ್ ಕೊಟ್ಟೆ?"

"ನಿಮ್ಮತ್ತಿಗೇನೇ ಬೇರೆ ನಂಬರಿಂದ ಕೇಳಿದ್ಲು ಕಣೋ!"

"ಹೆಂಡ್ತಿನೇ ಅಂತ ಹೇಗ್ ನಂಬ್ದೆ?"

"'ರೀ' ಅಂತಿತ್ತು… ಕರಗ್‌ಹೋದೆ."

"ನಾನು 'ರೀ' ಅಂದು ಯಾವ ಕಾಲ ಆಯ್ತು!" ಎಂದಳು ಅತ್ತಿಗೆ.

ಅಣ್ಣ ಆ ಸಂದೇಶ ಕಳಿಸಿದ: "ರೀ ಫೋನ್ ಕಳೀತು / ನಿಮ್ಮ ಹತ್ರ ಇರೋ ತುಂಡು / ಈ ನಂಬರಿಗೆ ಕಳಿಸಿ".

"ನಂದಂತೂ ನನ್ ಹತ್ರಾನೇ ಇದೆ," ಎಂದ ರೆಕಾರ್ಡಿಂಗಿನವನು.

"ನಂದೂ," ಎಂದಳು ಸೋಫಾದ ಮೂಲೆಯಿಂದ ಗೆಳತಿ.

ಮೈದುನನ ಬೆರಳು ಪರದೆಯ ಮೇಲೆ ನಿಂತಿತು. "ಅತ್ತಿಗೆ, ಈ ಓರೆ ಗೆರೆ ಏನು?"

"ಉಸಿರು ತಗೊಳ್ಳೋ ಜಾಗ. ಡಬ್ಬಿಂಗ್ ಹಾಳೇಲಿ ಇರುತ್ತೆ."

"ನೀವು ಹಾಕ್ತೀರಾ?"

"ನಾನು ಓದ್ತೀನಿ ಅಷ್ಟೆ."

"ನಾನು ಬಟನ್ ಒತ್ತೋನಪ್ಪ," ಎಂದ ರೆಕಾರ್ಡಿಂಗಿನವನು.

ಮೈದುನ ಮೆಲ್ಲಗೆ ಸೋಫಾದತ್ತ ತಿರುಗಿದ. "ನಾವು ನಮ್ ಮಾತು ಬರೆಯೋವಾಗ ಉಸಿರಿನ ನೆನಪೇ ಇರಲ್ಲ. ಬೇರೆಯೋರ ಬಾಯಿಗೆ ಮಾತು ಬರೆಯೋರು ಮಾತ್ರ ಉಸಿರಿಗೂ ಗೆರೆ ಹಾಕ್ತಾರೆ. ಅಣ್ಣನ ತುಂಡಿಗೆ ನಿಮ್ಮದನ್ನ ಸೇರಿಸಿದ್ರಿ — ಅಲ್ವಾ ಅಕ್ಕಾ?"

ಗೆಳತಿ ತಲೆ ತಗ್ಗಿಸಿದಳು. "ಪ್ರತಿ ಸಲ ನನ್ ಸಾಲು ತಿದ್ತೀಯಲ್ಲೇ! ಒಂದ್ಸಲ ಆದ್ರೂ ಬರೆದದ್ದನ್ನ ಬರೆದ ಹಾಗೇ ನಿನ್ ದನೀಲಿ ಕೇಳ್ಬೇಕಿತ್ತು."

"ಜಗಳ ಆಡ್ಬೋದಿತ್ತಲ್ಲೇ," ಎಂದಳು ಅತ್ತಿಗೆ. "ಅದು ಬಿಟ್ಟು ನಾನೇ ಆಗ್ಬಿಡೋದಾ?"

ಗಂಡನದೂ ರೆಕಾರ್ಡಿಂಗಿನವನದೂ ತುಂಡು ಸೇರಿ ಹೊಸ ಕೀಲಿ ಹುಟ್ಟಿತು. ಅತ್ತಿಗೆ ಒಪ್ಪಿಗೆ ಹಿಂಪಡೆದಳು. ಪರದೆಯ ನಾಯಕಿ ಮೂಕಿಯಾದಳು. ಗಾಜಿನೊಳಗಿನ ಮೀನಿನಂತೆ ತುಟಿಯಷ್ಟೇ ಆಡುತ್ತಿತ್ತು.

ಅತ್ತಿಗೆ ಮೈಕಿನ ಮುಂದೆ ನಿಂತು ಹಾಳೆ ತೆರೆದಳು. ಮೊದಲ ಗೆರೆಯನ್ನು ದಾಟಿ, ತನಗೆ ಬೇಕೆನಿಸಿದ ಕಡೆ ಉಸಿರು ತೆಗೆದುಕೊಂಡಳು.