ಒಂದೇ ನಂಬರಿನ ಎರಡು ಪೆಟ್ಟಿಗೆಗಳು

ಹನ್ನೊಂದನೇ ತಾರೀಖು, ಮಂಗಳವಾರ, ಬೆಳಿಗ್ಗೆ 11.35ಕ್ಕೆ ಬಾಟಲಿ ತೊಳೆಯುವ ಕಾರ್ಖಾನೆಯ ಮ್ಯಾನೇಜರು ಠಾಣೆಗೆ ಬಂದರು. ದೂರನ್ನು ಟೈಪ್ ಮಾಡಿಸಿಕೊಂಡೇ ಬಂದಿದ್ದರು. ಆರೋಪಿ ಯಾರೆಂಬುದನ್ನೂ ಅವರೇ ತೀರ್ಮಾನಿಸಿಯಾಗಿತ್ತು. ಪೊಲೀಸರಿಗೆ ಉಳಿದಿದ್ದ ಕೆಲಸವೆಂದರೆ ಠಸ್ಸೆ ಒತ್ತುವುದು.

ದೂರಿನ ಸಾರಾಂಶ ಇಷ್ಟು. ಅಂದು ಬೆಳಿಗ್ಗೆ ವಾಷಿಂಗ್ ಶೆಡ್ಡಿನ ಬಿಸಿನೀರಿನ ತೊಟ್ಟಿ ತುಂಬಿ ಹೊರಚೆಲ್ಲಿ, ಅಲ್ಲಿನ ಆಪರೇಟರನ ಎರಡೂ ಕಾಲು ಮೊಣಕಾಲಿನವರೆಗೆ ಬೆಂದಿವೆ. ಎರಡು ಶೆಡ್ಡುಗಳ ಯಂತ್ರಗಳನ್ನು ಜೋಡಿಸಲು ಹೊರಗಿನಿಂದ ಬಂದಿದ್ದ ಎಂಜಿನಿಯರನ ನಿರ್ಲಕ್ಷ್ಯವೇ ಇದಕ್ಕೆ ಕಾರಣ. ಅವನನ್ನು ಕೂಡಲೇ ಬಂಧಿಸಬೇಕು.

"ನೀರು ಚೆಲ್ಲಿದಾಗ ಎಂಜಿನಿಯರು ಎಲ್ಲಿದ್ರು?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನ ರೂಮಲ್ಲೇ ಇದ್ದ ಸಾರ್. ಕೆಲಸ ಮುಗೀತು ಅಂತ ಸಹಿ ಹಾಕಿಸ್ಕೊಳ್ತಿದ್ದ."

"ಎಷ್ಟು ಹೊತ್ತಿಂದ?"

"ಹತ್ತಕ್ಕೆ ಹತ್ತು ನಿಮಿಷ ಇರೋವಾಗಿಂದ."

ಮುಖ್ಯಪೇದೆ ಅದನ್ನು ಬರೆದುಕೊಂಡರು. ಠಾಣೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಗಡಿಯಾರ ಎಂದು. ವೇಳೆ ನಮೂದಿಸದೆ ಒಂದು ಸಾಲೂ ಬರೆಯದ ಮನುಷ್ಯ. ಮಗಳು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಸೆಕೆಂಡ್ ಸಮೇತ ಹೇಳುತ್ತಿದ್ದರು. 11.50ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಇನ್‌ಸ್ಪೆಕ್ಟರ್ 'ಅಪರಿಚಿತ' ಎಂದು ಬರೆಸಿದ್ದು ಮ್ಯಾನೇಜರಿಗೆ ಹಿಡಿಸಲಿಲ್ಲ. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವರಲ್ಲ ಈ ಇನ್‌ಸ್ಪೆಕ್ಟರ್.

12.20ಕ್ಕೆ ಜೀಪು ಕಾರ್ಖಾನೆ ಮುಟ್ಟಿತು. ಅಂಗಳದ ಈ ತುದಿಗೆ ನೀರು ಕಾಯಿಸುವ ಬಾಯ್ಲರ್ ಶೆಡ್, ಆ ತುದಿಗೆ ವಾಷಿಂಗ್ ಶೆಡ್, ನಡುವೆ ನೂರು ಹೆಜ್ಜೆ. ಎರಡರಲ್ಲೂ ಗೋಡೆಗೆ ಒಂದೊಂದು ಹೊಸ ಬೂದು ಪೆಟ್ಟಿಗೆ, ಅದರ ಪಕ್ಕದಲ್ಲೇ ಒಂದೊಂದು ಹಳೆಯ ಕಪ್ಪು ಫೋನು. ವಾಷಿಂಗ್ ಶೆಡ್ಡಿನ ನೆಲ ಇನ್ನೂ ಒದ್ದೆಯಾಗಿತ್ತು. ಗಾಯಾಳುವಿನ ಒಂದು ಚಪ್ಪಲಿ ತೊಟ್ಟಿಯ ಮೆಟ್ಟಿಲ ಬುಡದಲ್ಲಿ ಬಿದ್ದಿತ್ತು. ಇನ್ನೊಂದು ಸಿಗಲಿಲ್ಲ.

ಎಂಜಿನಿಯರನಿಗೆ ಮೂವತ್ತೊಂದು ವರ್ಷ. ಬೆಳಗಿನಿಂದ ಯಾರೂ ಅವನಿಗೆ ಒಂದು ಲೋಟ ನೀರು ಕೊಟ್ಟಂತಿರಲಿಲ್ಲ. ಇನ್‌ಸ್ಪೆಕ್ಟರ್ ಮೊದಲು ನೀರು ತರಿಸಿದರು.

"ಈಗ ಹೇಳಿ. ನಂಗೆ ಅರ್ಥವಾಗೋ ಹಾಗೆ."

"ಇವು ಪಿಎಲ್‌ಸಿ ಅಂತ ಸರ್, ಮೋಟಾರು ವಾಲ್ವು ನಡೆಸೋ ಪುಟ್ಟ ಕಂಪ್ಯೂಟರ್‌ಗಳು. ತೊಟ್ಟಿ ಖಾಲಿ ಅಂತ ಆ ಪೆಟ್ಟಿಗೆ ಹೇಳಿದ್ರೆ ಈ ಪೆಟ್ಟಿಗೆ ಪಂಪ್ ಹಾಕುತ್ತೆ. ತುಂಬ್ತು ಅಂದ್ರೆ ನಿಲ್ಲಿಸುತ್ತೆ. ಎರಡೂ ಮಾತಾಡೋಕೆ ಒಂದು ನೆಟ್‌ವರ್ಕ್ ಮಾಡಿದೀನಿ. ಒಂದೊಂದಕ್ಕೂ ಒಂದು ನಂಬರ್, ಮನೆ ನಂಬರ್ ಇದ್ದ ಹಾಗೆ. ಇದು ಒಂದು, ಅದು ಎರಡು."

"ಈಗ?"

ಅವನು ಬಾಯ್ಲರ್ ಶೆಡ್ಡಿನ ಪೆಟ್ಟಿಗೆಯೊಳಗೆ ನಂಬರು ಗೊತ್ತುಮಾಡುವ ಗುಂಡಗಿನ ಪುಟ್ಟ ತಿರುಪನ್ನು ತೋರಿಸಿದ. ಮುಳ್ಳು ಎರಡರ ಮೇಲೆ ನಿಂತಿತ್ತು. ತಾನು ಒಂದಕ್ಕಿಟ್ಟು ಹತ್ತೊಂಬತ್ತು ದಿನದ ಹಿಂದೆ ತೆಗೆದಿದ್ದ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದ. "ಎರಡು ಮನೆಗೂ ಒಂದೇ ನಂಬರ್ ಇದ್ರೆ ಪೋಸ್ಟ್‌ಮ್ಯಾನ್ ಏನ್ ಮಾಡ್ತಾನೆ ಸರ್? ಮಾತುಕತೆ ನಿಂತುಹೋಗುತ್ತೆ."

"ಮಾತು ನಿಂತ್ರೆ ಪಂಪ್ ನಿಲ್ಲಬೇಕಲ್ವೇ?"

ಎಂಜಿನಿಯರ್ ತಲೆ ತಗ್ಗಿಸಿದ. "ನಿಲ್ಲಬೇಕು ಸರ್. ನಿಲ್ಲುತ್ತೆ ಅಂತ ಇವರಿಗೆಲ್ಲ ಪಾಠದಲ್ಲಿ ಹೇಳಿಯೂ ಇದ್ದೆ. ಆದ್ರೆ ಪ್ರೋಗ್ರಾಮಿನಲ್ಲಿ ಆ ಸಾಲು ಬರೆಯೋದು ಮರೆತೆ. 'ಖಾಲಿ' ಅನ್ನೋ ಕೊನೇ ಮಾತನ್ನೇ ನಂಬ್ಕೊಂಡು ಇದು ಪಂಪ್ ಓಡಿಸ್ತಾನೇ ಇತ್ತು. ಅದು ನನ್ನ ತಪ್ಪು."

ತಪ್ಪನ್ನು ಯಾರೂ ಕೇಳದೆ ಒಪ್ಪಿಕೊಳ್ಳುವವರು ಠಾಣೆಯ ಕಡೆ ಅಪರೂಪ. ಇನ್‌ಸ್ಪೆಕ್ಟರಿಗೆ ಅವನ ಮೇಲೆ ಸ್ವಲ್ಪ ಮರುಕ ಹುಟ್ಟಿತು. ಆದರೆ ತಿರುಪನ್ನು ತಿರುಗಿಸಿದವರು ಸಿಗದಿದ್ದರೆ ಜೈಲು ಕಾದಿದ್ದುದು ಇವನಿಗೇ.

ಪೆಟ್ಟಿಗೆಯ ದಾಖಲೆಯಿಂದ ಎಂಜಿನಿಯರ್ ಓದಿ ಹೇಳಿದ ವೇಳೆಗಳನ್ನು ಗಡಿಯಾರ ಹಬ್ಬದೂಟ ಸಿಕ್ಕವರಂತೆ ಬರೆದುಕೊಂಡರು. 10.09ಕ್ಕೆ ಬಾಯ್ಲರ್ ಶೆಡ್ಡಿನ ಪೆಟ್ಟಿಗೆ ಆರಿ ಹತ್ತಿದೆ. ಆರಿಸಿ ಹತ್ತಿಸದೆ ಹೊಸ ನಂಬರು ಹಿಡಿಯುವುದಿಲ್ಲ. 10.17ಕ್ಕೆ ತೊಟ್ಟಿ ತುಂಬಿದೆ. 10.21ಕ್ಕೆ ಬಾಯ್ಲರ್ ಶೆಡ್ಡಿನಲ್ಲಿ ಯಾರೋ ಕೈಯಾರೆ ಕೆಂಪು ಗುಂಡಿ ಒತ್ತಿ ಪಂಪ್ ನಿಲ್ಲಿಸಿದ್ದಾರೆ.

10.09ಕ್ಕೆ ಎಂಜಿನಿಯರ್ ಮ್ಯಾನೇಜರ ಎದುರೇ ಕೂತಿದ್ದ. ಅವನ ಪಾಲಿನ ಸಾಕ್ಷಿ ದೂರುದಾರರೇ. ಮ್ಯಾನೇಜರ ಮುಖ ನೋಡಬೇಕಿತ್ತು.

ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಕೀಲಿ ಎಂಜಿನಿಯರನ ಜೇಬಿನಲ್ಲಿತ್ತು. ಗಡಿಯಾರ ಬಾಯ್ಲರಿನ ಹಳೆಯ ಪ್ಯಾನಲ್ಲಿನ ಕೀಲಿಯನ್ನು ಮೊಳೆಯಿಂದ ತೆಗೆದು ಹಾಕಿ ನೋಡಿದರು. ಸಲೀಸಾಗಿ ತಿರುಗಿತು. ಇಂಥ ಪೆಟ್ಟಿಗೆಗಳಿಗೆಲ್ಲ ಒಂದೇ ಅಚ್ಚಿನ ಕೀಲಿ ಇರುತ್ತದಂತೆ. ಬೆರಳಚ್ಚಿನವರು ಬಂದು ಮುಚ್ಚಳದ ಒಳಮೈಯ ಗುರುತು ಎತ್ತಿದರು, ಶೆಡ್ಡಿನವರೆಲ್ಲರ ಮಾದರಿಯನ್ನೂ ಪಡೆದರು. 12.40ಕ್ಕೆ ಶುರುವಾದ ಪಂಚನಾಮೆ 2.10ಕ್ಕೆ ಮುಗಿಯಿತು.

ಕೀಲಿ ನೇತುಹಾಕುವ ಮೊಳೆಯ ಕೆಳಗೇ ಬಾಯ್ಲರ್ ಆಪರೇಟರನ ಕುರ್ಚಿ. ಮನುಷ್ಯನಿಗೆ ನಲವತ್ತೇಳು, ಕೈತುಂಬ ಹಳೆಯ ಸುಟ್ಟ ಕಲೆಗಳು.

"ಪಂಪ್ ನಿಲ್ಲಿಸಿದ್ದು ನೀವಾ?"

"ಹೌದು ಸಾರ್. ಕೂಗಾಟ ಕೇಳಿಸ್ತು. ಬಂದು ಒತ್ತಿದೆ."

"ಅಲ್ಲಿವರೆಗೆ ಎಲ್ಲಿದ್ರಿ?"

"ಹಿಂದುಗಡೆ. ಬೂದಿ ತೆಗೆಸ್ತಿದ್ದೆ."

"ಈ ಪೆಟ್ಟಿಗೆ ಬಗ್ಗೆ ಏನು ಗೊತ್ತು?"

"ನಮಗೇನು ಗೊತ್ತಾಗುತ್ತೆ ಸಾರ್? ಆ ಮಹಾನುಭಾವರನ್ನೇ ಕೇಳಿ. ಬಂದು ಮೂರು ವಾರ ಆಗಿಲ್ಲ, ಆಗಲೇ ಅಣ್ಣ ಆಗಿಬಿಟ್ಟಿದ್ದಾರೆ. ಅವನಿಗಿಂತ ಎಂಟು ವರ್ಷ ಚಿಕ್ಕೋರು. ಅವರಿಗೆ ಅಣ್ಣ ಅಂತೆ, ಅಣ್ಣ!"

"ಯಾರು ಹಾಗೆ ಕರೆಯೋದು?"

ಅವನು ನೆಲ ನೋಡುತ್ತ, "ಅವನು ನಡೀತಾನಾ ಸಾರ್ ಮುಂದೆ?" ಎಂದು ಕೇಳಿದ.

ಎಂಜಿನಿಯರನನ್ನು ಬೈಯುವಾಗಲೂ ಬಹುವಚನ ಬಿಡದ ಬಾಯಿ ಈ ಒಬ್ಬನ ಮಟ್ಟಿಗೆ ಮಾತ್ರ ಏಕವಚನಕ್ಕೆ ಇಳಿದಿತ್ತು. ಗಾಯಾಳು ಇವನಿಗೇನಾಗಬೇಕು ಎಂದು ಇನ್‌ಸ್ಪೆಕ್ಟರ್ ಹೊರಗೆ ಬಂದು ಸೂಪರ್‌ವೈಸರನನ್ನು ಕೇಳಿದರು. "ಗೊತ್ತಿಲ್ವಾ ಸಾರ್? ಒಡಹುಟ್ಟಿದ ತಮ್ಮ," ಎಂದ ಅವನು. ಬೂದಿ ಎತ್ತುವವನನ್ನು ಕೇಳಿದಾಗ, ಬೆಳಿಗ್ಗೆ ಹಿಂದುಗಡೆ ತನ್ನ ಹೊರತು ನರಪಿಳ್ಳೆಯೂ ಇರಲಿಲ್ಲ ಎಂದ.

2.30ಕ್ಕೆ ವಾಷಿಂಗ್ ಶೆಡ್ಡಿನಲ್ಲಿ ಬಾಟಲಿ ಆರಿಸುವ ಹೆಂಗಸಿನ ಹೇಳಿಕೆ.

"ನೀರು ಉಕ್ತಾ ಇತ್ತು ಸಾರ್. ನಮ್ಮ ಆಪರೇಟರು ಎಲ್ಲರನ್ನೂ ಹೊರಗೆ ಓಡಿಸಿದ್ರು. ಫೋನ್ ಹಿಡ್ಕೊಂಡು 'ಅಣ್ಣಾ, ಸಾಕಣ್ಣ, ನಿಲ್ಸಣ್ಣ' ಅಂತ ಕೂಗ್ತಾನೇ ಇದ್ರು. ಆಮೇಲೆ ಫೋನ್ ಬಿಸಾಕಿ ಕೈವಾಲ್ವ್ ಮುಚ್ಚೋಕೆ ಮೆಟ್ಲು ಹತ್ತಿದ್ರು. ಆಗಲೇ ಬೆಂದಿದ್ದು."

"ಅಣ್ಣ ಅಂದ್ರೆ ಎಂಜಿನಿಯರು, ಸಾರ್," ಗಡಿಯಾರ ಹೇಳಿದರು. "ನಾನೂ ಬಸ್ ಕಂಡಕ್ಟರಿಗೆಲ್ಲ ಅಣ್ಣ ಅಂತೀನಿ."

ಎಂಜಿನಿಯರನ ಮೊಬೈಲ್ ನೋಡಿದರು. ಹತ್ತರಿಂದ ಹತ್ತೂವರೆಯ ನಡುವೆ ಒಂದು ಕರೆಯೂ ಬಂದಿರಲಿಲ್ಲ. ಗಾಯಾಳುವಿನ ಮೊಬೈಲ್ ಅವನ ಲಾಕರಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಶೆಡ್ಡಿನೊಳಗೆ ಮೊಬೈಲ್ ತರುವಂತಿಲ್ಲ. ಹಾಗಾದರೆ ಅವನು ಕೈಯಲ್ಲಿ ಹಿಡಿದದ್ದು ಯಾವ ಫೋನು?

ಗೋಡೆಯ ಕಪ್ಪು ಫೋನಿನ ರಿಸೀವರ್ ಇನ್ನೂ ನೇತಾಡುತ್ತಿತ್ತು. ಬಂದಾಗಿನಿಂದ ಎಲ್ಲರೂ ಅದನ್ನು ದಾಟಿಕೊಂಡೇ ಓಡಾಡಿದ್ದರು. ಇನ್‌ಸ್ಪೆಕ್ಟರ್ ಅದನ್ನು ಕಿವಿಗಿಟ್ಟರು. ಆಮೇಲೆ ಅದರ ತಂತಿಯ ಜಾಡು ಹಿಡಿದು ಕಣ್ಣು ಹಾಯಿಸಿ, ಎಂಜಿನಿಯರನನ್ನು ಕರೆದು ಎರಡು ಪ್ರಶ್ನೆ ಕೇಳಿದರು. ಗಡಿಯಾರ ಅದನ್ನೂ ಬರೆದುಕೊಂಡರು, 2.55.

3.15ಕ್ಕೆ ಆಸ್ಪತ್ರೆ. ಇಂಜೆಕ್ಷನ್ನಿನ ಮಂಪರಿನಲ್ಲಿ ಗಾಯಾಳು ಮಲಗಿದ್ದ. ಕಾಲು ಉಳಿಯುತ್ತವೆ, ನಡೆಯಲು ಮಾತ್ರ ತಿಂಗಳುಗಳು ಬೇಕು ಎಂದರು ವೈದ್ಯರು. ಅವನ ಹೆಂಡತಿ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದಳು. ಲಾಕರಿನಿಂದ ತೆಗೆಸಿ ತಂದಿದ್ದ ಅವನ ಮೊಬೈಲನ್ನು ಇನ್‌ಸ್ಪೆಕ್ಟರ್ ಅವಳ ಕೈಗೆ ಕೊಟ್ಟರು.

"ನಿಮ್ಮ ಭಾವ ಬಂದಿದ್ರಾ?"

"ಅವರು ನಮ್ಮ ಮದುವೆಗೇ ಬರಲಿಲ್ಲ ಸಾರ್. ಆರು ವರ್ಷ ಆಯ್ತು, ಮಾತಿಲ್ಲ ಕತೆಯಿಲ್ಲ."

"ಏನಾಗಿತ್ತು?"

"ಅಪ್ಪ ಹೋದ ಮೇಲೆ ಇವರನ್ನ ಸಾಕಿದ್ದು ಅವರೇ. ಅದು ಸುಳ್ಳಲ್ಲ. ಆದ್ರೆ ಇವರು ಇನ್ನೊಬ್ಬರ ಹತ್ರ ನಕ್ಕು ಮಾತಾಡಿದ್ರೆ ಅವರಿಗೆ ಆಗ್ತಿರಲಿಲ್ಲ. ನನ್ನ ವಿಷಯ ಹೇಳಿದ ದಿನ, 'ಅವಳು ಬಂದ ಮೇಲೆ ನಿಂಗೆ ಅಣ್ಣ ಯಾಕೆ, ಹೋಗು' ಅಂದ್ರಂತೆ. ಇವರು ಹೊರಟು ಬಂದ್ರು. ಕಾರ್ಖಾನೆ ಫೋನಲ್ಲಿ ಮಾತ್ರ ಅಣ್ಣತಮ್ಮ. 'ನೀರು ಬಿಡಣ್ಣ' ಅಂತ ಇವರು, 'ಬಿಟ್ಟೆ' ಅಂತ ಅವರು. ಅಷ್ಟೇ."

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಹಂಚಿಕೊಳ್ಳಲು ಇವರ ನಡುವೆ ಆಸ್ತಿಯೇನೂ ಇರಲಿಲ್ಲ. ಒಬ್ಬ ತಮ್ಮನಿದ್ದ, ಅವನನ್ನು ಯಾರ ಜೊತೆಗೂ ಹಂಚಿಕೊಳ್ಳಲು ಅಣ್ಣ ತಯಾರಿರಲಿಲ್ಲ.

4.10ಕ್ಕೆ ಬೆರಳಚ್ಚಿನ ವರದಿ ಫೋನಿನಲ್ಲಿ ಬಂತು. 4.30ಕ್ಕೆ ಇನ್‌ಸ್ಪೆಕ್ಟರ್ ಮತ್ತೆ ಬಾಯ್ಲರ್ ಶೆಡ್ಡಿನಲ್ಲಿದ್ದರು. ಬಾಯ್ಲರ್ ಆರಿಸಲಾಗಿತ್ತು. ಆಪರೇಟರ್ ಅದೇ ಕುರ್ಚಿಯಲ್ಲಿದ್ದ.

"ಮುಚ್ಚಳದ ಒಳಗೆ ನಿಮ್ಮ ಎರಡು ಬೆರಳು ಸಿಕ್ಕಿವೆ. ಬೂದಿ ಹತ್ರ ನೀವು ಇರಲಿಲ್ಲ. ಎಂಜಿನಿಯರು ಪಾಠ ಮಾಡಿದ ದಿನ ಮುಂದಿನ ಸಾಲಲ್ಲೇ ಕೂತಿದ್ರಿ. ಇನ್ನೇನಾದ್ರೂ ಹೇಳ್ಬೇಕಾ?"

ಆಪರೇಟರ್ ಗೋಡೆಯ ಕಪ್ಪು ಫೋನಿನ ಕಡೆ ನೋಡಿದ.

"ದಿನಕ್ಕೆ ಮೂವತ್ತು ಸಲ ಸಾರ್," ಎಂದ. "ಹದಿನಾಲ್ಕು ವರ್ಷ. 'ಬಿಡಣ್ಣ', 'ಸಾಕಣ್ಣ'. ಆರು ವರ್ಷದಿಂದ ನನ್ನ ಪಾಲಿಗೆ ಉಳಿದಿದ್ದು ಅದೊಂದೇ. ಈ ಪೆಟ್ಟಿಗೆ ಬಂದ ದಿನದಿಂದ ಫೋನ್ ಒಂದು ಸಲವೂ ಬಡೀಲಿಲ್ಲ. ಅವೆರಡೂ ಅವುಗಳಷ್ಟಕ್ಕೆ ಮಾತಾಡ್ಕೊಳ್ತವೆ, ನಾನು ದೀಪ ನೋಡ್ಕೊಂಡು ಕೂರಬೇಕು. ಹೋಗ್ಲಿ ಅಂದ್ರೆ, ಕ್ಯಾಂಟೀನಲ್ಲಿ ಆ ಹುಡುಗನ ಪಕ್ಕ ಕೂತು 'ಅಣ್ಣ, ಇದು ಹೇಗಣ್ಣ, ಅದು ಹೇಗಣ್ಣ'. ನನ್ನ ಕಿವಿಗೆ ಬೀಳೋ ಹಾಗೇ. ನಂಗೆ ಉರೀತಿತ್ತು ಸಾರ್. ಸುಳ್ಳು ಯಾಕೆ ಹೇಳ್ಲಿ, ಹೊಟ್ಟೆ ಉರೀತಿತ್ತು."

"ಅದಕ್ಕೆ ಸುಡೋಕೆ ಹೋದ್ರಾ?"

"ಇಲ್ಲ ಸಾರ್! ಮಾತು ನಿಂತ್ರೆ ನೀರು ನಿಲ್ಲುತ್ತೆ ಅಂತ ಎಂಜಿನಿಯರೇ ಪಾಠದಲ್ಲಿ ಹೇಳಿದ್ರು. ನೀರಿಲ್ಲ ಅಂದ್ರೆ ತಮ್ಮ ಫೋನ್ ಮಾಡ್ತಾನೆ. 'ಬಿಡಣ್ಣ' ಅಂತಾನೆ. ಈ ಹುಡುಗನ ಕೆಲಸ ಬರೀ ಬೊಗಳೆ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಅಷ್ಟೇ ಬೇಕಿತ್ತು ನಂಗೆ."

"ಆದ್ರೆ ಪಂಪ್ ನಿಲ್ಲಲಿಲ್ಲ."

"ನಿಲ್ಲಲಿಲ್ಲ."

"ತೊಟ್ಟಿ ತುಂಬೋಕೆ ಎಷ್ಟು ಹೊತ್ತು ಬೇಕು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೆಂಪು ಗುಂಡಿ ಕೈಯಳತೆಯಲ್ಲಿತ್ತು. ನಾಲ್ಕು ನಿಮಿಷ ಏನು ಮಾಡ್ತಿದ್ರಿ?"

"ಫೋನ್ ಬರುತ್ತೆ ಅಂತ ಕಾದೆ ಸಾರ್." ಅವನ ಧ್ವನಿ ತೀರಾ ಇಳಿದಿತ್ತು. "ತುಂಬಿದ ಮೇಲಾದ್ರೂ 'ಸಾಕಣ್ಣ' ಅಂತಾನೆ ಅಂತ. ಈಗ ಬರುತ್ತೆ, ಈಗ ಬರುತ್ತೆ ಅಂತ. ಬರಲಿಲ್ಲ. ಅಷ್ಟು ಕಷ್ಟದಲ್ಲೂ ಅವನು ಕರೆದಿದ್ದು ಆ ಹುಡುಗನನ್ನೇ. ಎಲ್ಲರೂ ಹೇಳ್ತಿದ್ದಾರಲ್ಲ, ಅಣ್ಣ ಅಣ್ಣ ಅಂತ ಕೂಗಿದ್ನಂತೆ."

"ಎದ್ದು ಆ ಫೋನ್ ಎತ್ತಿ."

"ಅದು ಅವನು ಮಾಡೋದು ಸಾರ್. ನಾನು ಯಾವತ್ತೂ..."

"ಹದಿನಾಲ್ಕು ವರ್ಷದಲ್ಲಿ ನೀವಾಗಿ ಒಂದು ಸಲವೂ ಎತ್ತಿಲ್ಲ?"

"ಅವನು ಚಿಕ್ಕೋನು. ಅವನೇ ಮಾಡಬೇಕು."

"ಈಗ ಎತ್ತಿ."

ಅವನು ಎದ್ದು ರಿಸೀವರ್ ಕಿವಿಗಿಟ್ಟುಕೊಂಡ. ಸ್ವಲ್ಪ ಹೊತ್ತು ಕೇಳಿ, ರಿಸೀವರ್ ಇಡುವ ಕೊಕ್ಕೆಯನ್ನು ಎರಡು ಸಲ ಒತ್ತಿ, ಮತ್ತೆ ಕೇಳಿದ. ಯಾವ ಸದ್ದೂ ಇರಲಿಲ್ಲ.

"ಹೊಸ ತಂತಿ ಎಳೆಯೋ ಖರ್ಚು ಯಾಕೆ ಅಂತ ಮ್ಯಾನೇಜರು ಫೋನಿನ ತಂತಿಯನ್ನೇ ಪೆಟ್ಟಿಗೆಗಳಿಗೆ ಕೊಡಿಸಿದ್ದಾರೆ," ಇನ್‌ಸ್ಪೆಕ್ಟರ್ ನಿಧಾನವಾಗಿ ಹೇಳಿದರು. "ಹತ್ತೊಂಬತ್ತು ದಿನದಿಂದ ಅದಕ್ಕೆ ಜೀವ ಇಲ್ಲ. ನಿಮಗೂ ಹೇಳಿಲ್ಲ, ಅವನಿಗೂ ಹೇಳಿಲ್ಲ. ಒಂದು ಸಲ ಎತ್ತಿದ್ದಿದ್ರೆ ನಿಮಗೆ ಗೊತ್ತಾಗ್ತಿತ್ತು. ಎಂಜಿನಿಯರಿಗೆ ಯಾವ ಕರೆಯೂ ಬಂದಿಲ್ಲ. ನಿಮ್ಮ ತಮ್ಮ ಆ ಕಡೆ ಈ ಫೋನನ್ನೇ ಹಿಡ್ಕೊಂಡು ಕೂಗಿದ್ದು. ಅವನು ಕರೆದಿದ್ದು ನಿಮ್ಮನ್ನೇ."

ಅಣ್ಣ ರಿಸೀವರನ್ನು ಕೆಳಗಿಡಲಿಲ್ಲ. ಗಡಿಯಾರ ಹೋಗಿ ಅವನ ಬೆರಳು ಬಿಡಿಸಿ ತೆಗೆದುಕೊಳ್ಳಬೇಕಾಯಿತು.

4.50ಕ್ಕೆ ಬಂಧನ. ಎಂಜಿನಿಯರನ ಹೇಳಿಕೆಗೆ ಸಹಿ ಪಡೆದು ಸದ್ಯಕ್ಕೆ ಅವನನ್ನು ಮನೆಗೆ ಕಳಿಸಿದರು. ಮರೆತ ಆ ಒಂದು ಸಾಲಿಗೆ ಅವನು ಮುಂದೆ ಉತ್ತರ ಹೇಳಬೇಕಾಗುತ್ತದೆ, ಅದು ಬೇರೆ ಮಾತು. ಠಾಣೆಯಲ್ಲಿ ಗಡಿಯಾರ ಬಂಧನದ ಪತ್ರ ತುಂಬಲು ಕೂತರು. ಪ್ರೇರಣೆ ಏನೆಂದು ಬರೆಯಬೇಕು ಎಂದು ಕೇಳಿದಾಗ ಇನ್‌ಸ್ಪೆಕ್ಟರ್ ಕಿಟಕಿಯ ಕಡೆ ನೋಡುತ್ತ, "ಹೊಟ್ಟೆಕಿಚ್ಚು ಅಂತ ಬರೀರಿ. ಬೇರೆ ಹೆಸರಿದ್ರೂ ಆ ಕಾಲಮ್ಮಿನಲ್ಲಿ ಹಿಡಿಸಲ್ಲ," ಎಂದರು.

"ಬಂಧನದ ವಿಷಯ ಯಾರಿಗೆ ತಿಳಿಸಬೇಕು? ಹತ್ತಿರದ ಸಂಬಂಧಿ?"

"ತಮ್ಮ ಇದ್ದಾನೆ," ಎಂದ ಆರೋಪಿ. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ಹೊಳೆದು ಮುಖ ಮುಚ್ಚಿಕೊಂಡ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ನಂಬರ್ ಏನೆಂದು ಕೇಳಿದರೆ ಹತ್ತೂ ಅಂಕಿಗಳನ್ನು ತಡವರಿಸದೆ ಹೇಳಿದ. ಒಮ್ಮೆಯೂ ಒತ್ತದ ನಂಬರು ಬಾಯಿಪಾಠವಾಗಿತ್ತು. ಇನ್‌ಸ್ಪೆಕ್ಟರ್ ಠಾಣೆಯ ಫೋನನ್ನು ಅವನ ಮುಂದಕ್ಕೆ ಸರಿಸಿದರು.

"ನೀವೇ ಮಾಡಿ."

ಆ ಕಡೆ ಆರು ಸಲ ಗಂಟೆ ಬಡಿಯಿತು. ಆಮೇಲೆ ಮಂಪರಿನ ಒಂದು ಧ್ವನಿ, "ಹಲೋ, ಯಾರು?"

"ನಾನು... ಅಣ್ಣ."

ನರ್ಸ್ ಯಾರಿಗೋ ಏನೋ ಹೇಳುತ್ತಿದ್ದುದು ದೂರದಲ್ಲಿ ಕೇಳಿತು. ಆಮೇಲೆ ತಮ್ಮನ ಮಾತು ಬಂತು. ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಯಾರಾದರೂ ಕೇಳುವ ಸಾದಾ ಪ್ರಶ್ನೆ ಅದು.

"ಯಾವ ಅಣ್ಣ?"

ಉತ್ತರ ಬಂದ ಕೂಡಲೇ ವೇಳೆ ನಮೂದಿಸೋಣವೆಂದು ಗಡಿಯಾರ ಪೆನ್ನು ಹಿಡಿದು ಕಾಯುತ್ತಿದ್ದರು.