ಸೀಸದಲ್ಲಿ ಕೊರೆದ ಕೈ

“ಬೇರೆ ಎಲ್ಲಾ ಕರಗಿಸ್ಕೊ. ಆ ಒಂದು ತಗಡು ಮಾತ್ರ ಬೇಡ ಕಣಪ್ಪ,” ಎಂದು ಐರಿಸ್ ಗಾಟ್ಸ್ ಹೇಳಿದಾಗ ಕ್ಲೆಮ್ ಹೆಬ್ಡನ್‌ನ ಬಾಯಿ ತುಂಬ ಅವಳೇ ಮಾಡಿ ತಂದಿದ್ದ ಒಣದ್ರಾಕ್ಷಿ ಕೇಕು ಇತ್ತು. ನುಂಗುವಷ್ಟೂ ತಾಳದೆ ನಕ್ಕುಬಿಟ್ಟ. ಕೇಕಿನ ಪುಡಿ ಮುದುಕಿಯ ಕೋಟಿನ ಮೇಲೆಲ್ಲ ಸಿಡಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಚರ್ಚಿನ ಬಡಗಣ ಮಾಡನ್ನೇ, ಅದರ ಸೀಸದ ಚಾವಣಿಯನ್ನೇ ನೋಡುತ್ತ ನಿಂತಿದ್ದಳು.

ಸಂತ ಬೋಟಾಲ್ಫನ ಚರ್ಚಿನ ಬೀಗದ ಕೈ, ಮೇಣದ ಬತ್ತಿ, ಗಂಟೆಯ ಹಗ್ಗ ಎಲ್ಲವೂ ಐರಿಸಳ ಸುಪರ್ದಿನಲ್ಲಿದ್ದವು. ಅವಳ ತಾಯಿ, ಅಜ್ಜಿ ಮಾಡಿದ್ದೂ ಅದನ್ನೇ. ಕ್ಲೆಮ್ ಹೊರಗಿನವನು. ಶೆಫೀಲ್ಡ್ ಕಡೆಯಿಂದ ಹಳೆಯ ಚರ್ಚುಗಳ ಮಾಡಿನ ಸೀಸದ ತಗಡು ಕರಗಿಸಿ ಹೊಸದಾಗಿ ಹೊದಿಸುವ ಕೆಲಸ ಹಿಡಿದು ನಮ್ಮ ನಾರ್ಫೋಕಿಗೆ ಬಂದಿದ್ದ. ಹೆಂಡತಿ ಟೆಸ್ಸಾ ಕೆಲಸದಲ್ಲೂ ಅವನ ಜೋಡಿ. ಸಮಾಧಿ ಅಂಗಳದ ಗೋಡೆಯ ಆಚೆ ತಮ್ಮ ಕ್ಯಾರವಾನ್ ನಿಲ್ಲಿಸಿಕೊಂಡು ಅಲ್ಲೇ ಇದ್ದರು. ಇಬ್ಬರೂ ಜಗಳವಾಡಿದರೆ ಊರಿಗೆಲ್ಲ ಕೇಳುತ್ತಿತ್ತು, ನಕ್ಕರೆ ಪಕ್ಕದ ಊರಿಗೂ ಕೇಳುತ್ತಿತ್ತು. ಇವರು ಬಂದ ಮೇಲೆ ನಮ್ಮ ಸತ್ತವರಿಗೂ ನಿದ್ದೆಯಿಲ್ಲ ಎಂದು ಜನ ಆಡಿಕೊಂಡರು. ಅಂಥ ಜೋಡಿಯನ್ನು ನೋಡಿ ಹೊಟ್ಟೆಕಿಚ್ಚು ಪಡದವರು ಯಾರು?

ಸೀಸ ಹೊದಿಸುವವರಲ್ಲಿ ಒಂದು ಪದ್ಧತಿ ಇದೆ. ಕೆಲಸ ಮುಗಿದ ದಿನ ಮಾಡಿನ ಮೇಲೆ ಅಂಗೈಯನ್ನೋ ಪಾದವನ್ನೋ ಊರಿ, ಸುತ್ತ ಉಳಿಯಿಂದ ಗೆರೆ ಕೊರೆದು, ಹೆಸರಿನ ಅಕ್ಷರ ಕೆತ್ತಿ ಇಳಿಯುತ್ತಾರೆ. ಆ ಮಾಡಿನ ತುಂಬ ಅಂಥ ಗುರುತುಗಳಿದ್ದವು. ಬಡಗಣ ಅಂಚಿನ ತಗಡಿನಲ್ಲಿ ಮಾತ್ರ ಒಂದು ಚಿಕ್ಕ ಕೈ, ಹೆಂಗಸಿನ ಕೈ. ಅಕ್ಷರವಿಲ್ಲ. ಅಂಗೈಯ ನಟ್ಟನಡುವೆ ಒಂದು ಕಬ್ಬಿಣದ ಮೊಳೆ.

ಐರಿಸ್ ಹೇಳಿದ ಕತೆ ಇಷ್ಟು. ಚರ್ಚು ಕಟ್ಟಿದ ಕಾಲದಲ್ಲಿ ಸೀಸ ಹೊದಿಸಲು ಬಂದವನೊಬ್ಬ ಏವಿಸ್ ಎಂಬ ಹುಡುಗಿಗೆ ಮದುವೆಯ ಮಾತು ಕೊಟ್ಟು ಕೈಬಿಟ್ಟ. ಕೂಸು ಹುಟ್ಟಿದ ದಿನವೇ ಸತ್ತಿತು. ಜ್ಞಾನಸ್ನಾನ ಆಗದ ಕೂಸೆಂದು ಪಾದ್ರಿ ಹೂಳಲು ಅಂಗಳದಲ್ಲಿ ಜಾಗ ಕೊಡಲಿಲ್ಲ. ಅವಳು ಮಾಟ ಬಲ್ಲ ಮುದುಕಿಯೊಬ್ಬಳನ್ನು ಕಂಡು ಬಂದು, ಮಾಡು ಹತ್ತಿ, ಸೀಸದ ಮೇಲೆ ಕೈಯೂರಿ ಗೆರೆ ಕೊರೆದು ಮೊಳೆ ಹೊಡೆದಳು. ನನ್ನ ನೋವು ಇಲ್ಲಿರಲಿ, ಇದನ್ನು ಕಿತ್ತವನಿಗೆ ಯಾವ ನೋವೂ ತಿಳಿಯದೆ ಹೋಗಲಿ ಎಂದಳು. ಅವತ್ತಿನಿಂದ ಮಾಡು ಎಷ್ಟು ಸಲ ರಿಪೇರಿಯಾದರೂ ಆ ತಗಡನ್ನು ಇದ್ದ ಹಾಗೇ ಮತ್ತೆ ಕೂರಿಸಬೇಕು.

ಇದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ನೋವೇ ಇಲ್ಲದ ಶಾಪ ಎಲ್ಲಾದರೂ ಉಂಟೇ, ನನ್ನ ಸೊಂಟಕ್ಕೆ ಅದೇ ಬೇಕಾಗಿತ್ತು ಎಂದು ಕ್ಲೆಮ್ ಸಾರುವೆ ಹತ್ತಿದ. ಆ ಚಿಕ್ಕ ಕೈಯ ಮೇಲೆ ತನ್ನ ದೊಡ್ಡ ಕೈ ಇಟ್ಟು, “ತಡ ಮಾಡಿದೆ ಏವಿಸ್, ನನಗೆ ಮದುವೆ ಆಗಿಹೋಯ್ತು,” ಎಂದ.

“ನಿನ್ನ ಗೊರಕೆ ಕೇಳಿದ್ರೆ ಅವಳೇ ಮೊಳೆ ಕಿತ್ಕೊಂಡು ಓಡ್ತಾಳೆ ಬಿಡು,” ಎಂದಳು ಟೆಸ್ಸಾ.

ಅವನು ಇಕ್ಕಳ ಹಾಕಿ ಮೊಳೆ ಎಳೆದ. ಅದು ಸಡಿಲವಾದ ಹಾಲುಹಲ್ಲು ಕಿತ್ತಷ್ಟು ಮೆತ್ತಗೆ ಬಂತು.

ಎರಕದ ಕೆಲಸ ಚರ್ಚಿನ ಹಿಂದಿನ ಹಳೆಯ ಕಣಜದಲ್ಲಿ. ಅಲ್ಲಿ ಉದ್ದನೆಯ ಮರಳಿನ ಹಾಸು, ಪಕ್ಕದಲ್ಲಿ ಸೀಸ ಕಾಯುವ ಹಂಡೆ. ಆ ತಗಡು ಹಂಡೆಗೆ ಇಳಿದಾಗ ಎಂದಿನ ಕಮಟು ಬರಲಿಲ್ಲ. ಹಳಸಿದ ಹಾಲಿನ ವಾಸನೆ ಬಂತು. ಹಂಡೆಯೊಳಗಿಂದ ನಿಟ್ಟುಸಿರಿನಂಥ ಸದ್ದು. ಟೆಸ್ಸಾ ಮೂಗು ಮುಚ್ಚಿಕೊಂಡು ಹೊರಗೆ ಹೋದಳು. ಕ್ಲೆಮ್ ಸೌಟಿನಿಂದ ಕಿಟ್ಟ ತೆಗೆದು, ಸೀಸವನ್ನು ಮರಳಿನ ಮೇಲೆ ಹೊಯ್ದು, ಪಟ್ಟಿಯಿಂದ ಎಳೆದು ಮಟ್ಟ ಮಾಡಿದ. ತಗಡು ನೀರಿನಂತೆ ನುಣುಪಾಗಿ ಬಂತು. ಇಷ್ಟು ಚೆನ್ನಾಗಿ ಅವನ ಕೈಯಲ್ಲಿ ಎಂದೂ ಬಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲು ವಾಸನೆ ಹಿಡಿದವಳೂ ಟೆಸ್ಸಾಳೇ. ಮಾಂಸ ಸುಡುವ ವಾಸನೆ. ಕ್ಲೆಮ್ ಹಂಡೆಯ ಅಂಚಿನ ಮೇಲೆ ಎಡಗೈ ಊರಿಕೊಂಡು ಮರಳನ್ನು ನೋಡುತ್ತಿದ್ದ. ಅವಳು ಕಿರುಚಿ ಎಳೆದಾಗ ತನ್ನ ಅಂಗೈಯನ್ನು ಬೇರೆಯವರದೆಂಬಂತೆ ತಿರುಗಿಸಿ ನೋಡಿದ.

ಡಾಕ್ಟರು ಸೀಸದ ವಿಷವೇರಿರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಏನೂ ಇರಲಿಲ್ಲ. ನರದ್ದೇನೋ ಇರಬೇಕು, ದೊಡ್ಡಾಸ್ಪತ್ರೆಗೆ ಬರೆದಿದ್ದೇನೆ, ಕರೆ ಬರುವವರೆಗೆ ಕಾಯಿರಿ ಎಂದರು. ಅಷ್ಟರಲ್ಲಿ ಮರಗಟ್ಟುವಿಕೆ ಮೊಣಕೈ ದಾಟಿತ್ತು. ಆಮೇಲೆ ಭುಜ. ಆಮೇಲೆ ಎದೆ.

ಎದೆಗೆ ಬಂದದ್ದು ಕ್ಲೆಮ್‌ಗೆ ತಿಳಿದದ್ದು ಅವನ ತಮ್ಮನ ಫೋನು ಬಂದ ದಿನ. ತಾಯಿ ತೀರಿಕೊಂಡಿದ್ದಳು. ಹುರುಳಿಕಾಯಿ ಬೀಜದ ಪಲ್ಯ ಹಾಕಿದ ಟೋಸ್ಟು ತಟ್ಟೆಯಲ್ಲಿ ಅರ್ಧ ಉಳಿದಿತ್ತು. ಸರಿ ಎಂದು ಫೋನು ಇಟ್ಟು ಉಳಿದರ್ಧ ತಿಂದು ಮುಗಿಸಿದ. ಅಳಬೇಕು ಎಂಬುದು ಗೊತ್ತಿತ್ತು, ಕೆಂಪು ದೀಪಕ್ಕೆ ನಿಲ್ಲಬೇಕು ಎಂಬುದು ಗೊತ್ತಿರುವ ಹಾಗೆ. ಎದುರಿಗೆ ಕೂತು ತನ್ನನ್ನೇ ನೋಡುತ್ತಿದ್ದ ಹೆಂಗಸು ಹೆಂಡತಿ ಎಂಬುದೂ ಗೊತ್ತಿತ್ತು. ಅವಳ ಕಣ್ಣಲ್ಲಿ ನೀರು ಇತ್ತು. ಅವನು ಎದ್ದು ತಟ್ಟೆ ತೊಳೆದ. ಕ್ಯಾರವಾನಿನಲ್ಲಿ ಜಗಳವೂ ನಿಂತಿತು, ನಗುವೂ ನಿಂತಿತು.

ಕೆಲಸ ಮಾತ್ರ ನಿಲ್ಲಲಿಲ್ಲ. ಬಡಗಣ ಮಾಡಿಗೆ ಹೊಸ ತಗಡು ಏರಿತು. ಒಂದು ಮಧ್ಯಾಹ್ನ ಜೌಗಿನಿಂದ ಮಂಜು ಎದ್ದು ಬಂದು ಸಮಾಧಿಗಳನ್ನು ಮುಚ್ಚಿತು. ಕ್ಲೆಮ್ ಸುತ್ತಿಗೆ ತರಲು ಹೊರಟ. ಮಾಡಿನ ಅಂಚು ಬಂತು. ಅಂಚಿನಾಚೆ ಬಿಳಿ. ಬಿದ್ದರೆ ಸಾಯುತ್ತೇನೆ ಎಂಬ ವಿಚಾರ ಬಂತು. ಸುಮ್ಮನೆ ಬಂತು. ಸಾಯುವ ಆಸೆ ಇರಲಿಲ್ಲ. ಕಾಲು ನಿಲ್ಲುವುದಕ್ಕೆ ಒಂದು ಕಾರಣವೂ ಇರಲಿಲ್ಲ. ಬಲಗಾಲು ಗಾಳಿಯಲ್ಲಿತ್ತು. ಹಿಂದಿನಿಂದ ಯಾರೋ ಬೆಲ್ಟು ಹಿಡಿದು ಎಳೆದರು. ಟೆಸ್ಸಾ ಅವನ ಮೇಲೆ ಬಿದ್ದಿದ್ದಳು.

ಅವನ ತೋಳು ಹಿಡಿದು ನೇರವಾಗಿ ಐರಿಸಳ ಮನೆಗೆ ನಡೆಸಿಕೊಂಡು ಹೋದಳು. ಇದುವರೆಗೆ ಉಳಿದ ಕತೆ ಬಾಯಿಬಿಡದಿದ್ದ ಮುದುಕಿ ಅವನ ಮುಖ ನೋಡಿ ಕುರ್ಚಿಯಲ್ಲಿ ಕುಸಿದಳು. ತನ್ನ ಅಜ್ಜಿಯ ಅಜ್ಜಿಯ ಕಾಲದಲ್ಲೂ ಒಬ್ಬ ಆ ತಗಡು ಕರಗಿಸಿದ್ದನಂತೆ. ಮೊದಲು ಕೈ ಹೋಯಿತು, ಆಮೇಲೆ ಎದೆ, ಆಮೇಲೆ ಅವನೂ ಮಾಡಿನ ಅಂಚಿಗೆ ನಡೆದ. ಆಗ ಅವನ ತಾಯಿ ಮೇಲೆ ಹತ್ತಿದಳು.

“ಏವಿಸಳ ಕೈ ಅಂತ ಊರಿಗೆಲ್ಲಾ ಹೇಳ್ತೀವಿ. ನೀನು ಕರಗಿಸಿದ್ದು ಆ ತಾಯಿ ಕೈ ಕಣಪ್ಪ,” ಎಂದಳು ಐರಿಸ್. “ಕರಗಿಸಿದವನ ಮೇಲೆ ಜೀವ ಇಟ್ಕೊಂಡವಳು ಒಬ್ಬಳು ಆ ಸೀಸದ ಮೇಲೆ ಕೈ ಇಡಬೇಕು. ಅವನೇ ಗೆರೆ ಕೊರೆದು ಅವನೇ ಮೊಳೆ ಹೊಡೀಬೇಕು. ಆಗ ಅವನು ಉಳೀತಾನೆ.”

ಆ ತಾಯಿ ಏನಾದಳು ಎಂದು ಟೆಸ್ಸಾ ಕೇಳಿದಳು.

ಐರಿಸ್ ಒಂದೊಂದೇ ಮಾತಾಗಿ ಹೇಳಿದಳು. ಚಳಿಗಾಲದಲ್ಲಿ ಹೊಳೆಗೆ ಬಟ್ಟೆ ಒಗೆಯಲು ಹೋದವಳು ಸೊಂಟದಷ್ಟು ನೀರಿನಲ್ಲಿ ಸಂಜೆವರೆಗೂ ನಿಂತಿದ್ದಳಂತೆ. ಮಗ ದಡದಲ್ಲಿ ಕೂಗುತ್ತಿದ್ದನಂತೆ. ಯಾಕೆ ಕೂಗುತ್ತಿದ್ದಾನೆಂದು ಅವಳಿಗೆ ಅರ್ಥವಾಗಲಿಲ್ಲವಂತೆ.

“ಮಗ ಅವಳನ್ನ ಬಿಡಿಸ್ಲಿಲ್ವಾ?”

“ಒಂದ್ಸಲ ಬಿಟ್ಟವನ ಕೈನ ಆ ಸೀಸ ಮತ್ತೆ ಹಿಡಿಯಲ್ಲ ಮಗಳೇ. ಬೇರೆ ಯಾರೂ ಮುಂದೆ ಬರ್ಲಿಲ್ಲ.” ಮುದುಕಿ ಕ್ಲೆಮ್ ಕಡೆ ತಿರುಗಿದಳು. “ನೀನು ಬೇಡ ಅನ್ನು. ಒಂದು ಸಲ ಬೇಡ ಅನ್ನಪ್ಪ.”

ಟೆಸ್ಸಾಳೂ ಅವನ ಮುಖ ನೋಡಿದಳು. ಬೇಡ ಎಂಬ ಮಾತು ಅವನಿಗೆ ಗೊತ್ತಿತ್ತು. ಯಾವ ಗಂಡನಾದರೂ ಅದನ್ನು ಹೇಳುತ್ತಿದ್ದ ಎಂಬುದೂ ಗೊತ್ತಿತ್ತು. ಎದೆಯಲ್ಲಿ ಹುಡುಕಿದ. ಖಾಲಿ ಮನೆಯಲ್ಲಿ ಕೋಣೆ ಕೋಣೆ ತೆರೆದು ನೋಡಿದಂತಾಯಿತು.

“ಬೆಳಕಿರೋವಾಗಲೇ ಮುಗಿಸೋಣ,” ಎಂದ.

ಟೆಸ್ಸಾ ಆಗಲಿ ಎಂದು ತಲೆಯಾಡಿಸಿದಳು. ಅತ್ತಳು, ಅಳುತ್ತಲೇ ಸಾರುವೆ ಹತ್ತಿದಳು. ಅವಳಿಗೆ ಭಯವಾಗಿತ್ತು, ಆದರೂ ಹತ್ತಿದಳು. ಅಂಥ ಪ್ರೀತಿಗೆ ಬುದ್ಧಿ ಹೇಳಿದವರುಂಟೇ?

ಮಂಜು ಮಾಡಿನವರೆಗೂ ಏರಿತ್ತು. ಅವಳು ಮೊಣಕಾಲೂರಿ ಆ ಹೊಸ ತಗಡಿನ ಮೇಲೆ ಅಂಗೈ ಇಟ್ಟಳು. ಮತ್ತೆ ಆ ಹಳಸಿದ ಹಾಲಿನ ವಾಸನೆ. ಕ್ಲೆಮ್ ಉಳಿ ಹಿಡಿದ. ಹೆಬ್ಬೆರಳ ಸುತ್ತ ಕೊರೆದ. ತೋರುಬೆರಳು. ನಡುಬೆರಳು. ಅವಳ ಕೈ ನಡುಗುತ್ತಿತ್ತು. ಗೆರೆ ಕೆಡುತ್ತದೆ, ಅಲ್ಲಾಡಿಸಬೇಡ ಎಂದ. ಅವಳು ಅಲ್ಲಾಡಿಸಲಿಲ್ಲ. ಕಿರುಬೆರಳು. ಮಣಿಕಟ್ಟು. ಗೆರೆ ಸೇರಿತು.

“ಕ್ಲೆಮ್, ನನ್ನ ಒಂದು ಸಲ ನೋಡು.”

ನೋಡಿದ. ಅವಳು ಕೈ ತೆಗೆದಳು. ಅವನು ಮೊಳೆ ಇಟ್ಟ. ಸುತ್ತಿಗೆ ಎತ್ತಿದ. ಹೊಡೆದ.

ಮೊದಲು ಅಂಗೈ ಉರಿಯಿತು. ಹಂಡೆಯಲ್ಲಿ ಸುಟ್ಟ ಅಂಗೈ ಈಗ ಉರಿಯಿತು. ಆಮೇಲೆ ಚಳಿ. ಆಮೇಲೆ ಅಮ್ಮ. ಅಮ್ಮ ಸತ್ತಿದ್ದಳು. ಎಲ್ಲವೂ ಒಟ್ಟಿಗೆ ನುಗ್ಗಿತು. ಬಾಯಿ ತೆರೆದ, ಉಸಿರು ಬರಲಿಲ್ಲ. ಆಮೇಲೆ ಟೆಸ್ಸಾ. ಅವಳ ಮೇಲಿದ್ದ ಪ್ರೀತಿ ಒಂದು ಚೂರೂ ಕಡಿಮೆಯಾಗದೆ ಪೂರ್ತಿ ಮರಳಿ ಬಂತು. ತಾನು ಏನು ಮಾಡಿದೆ ಎಂಬುದೂ ಅದರ ಜೊತೆಗೇ ಬಂತು.

“ಟೆಸ್ಸಾ. ಟೆಸ್ಸಾ, ಇಲ್ಲಿ ನೋಡೇ.”

ಅವಳು ನೋಡಿದಳು. ಬಸ್ಸಿನಲ್ಲಿ ಎದುರು ಸೀಟಿನವರನ್ನು ನೋಡುವ ಹಾಗೆ ನೋಡಿದಳು. ಕೆನ್ನೆಯ ಮೇಲಿನ ನೀರು ಇನ್ನೂ ಆರಿರಲಿಲ್ಲ. ಅದೇನೆಂದು ಬೆರಳಿಂದ ಮುಟ್ಟಿ ನೋಡಿ ಒರೆಸಿಕೊಂಡಳು.

ಅವನು ಇಕ್ಕಳದಿಂದ ಮೊಳೆ ಕೀಳಲು ನೋಡಿದ. ಅದು ಜಗ್ಗಲಿಲ್ಲ. ಉಗುರಿನಿಂದ ಕೆರೆದ. ಉಗುರು ಕಿತ್ತು ಬಂತು. ನೋವಾಯಿತು. ಮುದುಕಿ ಹೇಳಿದ್ದು ನೆನಪಿತ್ತು, ಆದರೂ ತನ್ನ ಕೈಯನ್ನು ಅವಳ ಕೈಗುರುತಿನ ಪಕ್ಕದಲ್ಲಿ ಊರಿದ. ಉಳಿಯನ್ನು ಅವಳ ಕೈಗೆ ತುರುಕಿದ. ಕೊರೆ, ನಿನ್ನ ದಮ್ಮಯ್ಯ, ಬೇಗ ಕೊರೆ ಎಂದು ಅತ್ತ.

ಅವಳು ಇಲ್ಲವೆನ್ನಲಿಲ್ಲ. ಎಂದಿನಂತೆ ಅಚ್ಚುಕಟ್ಟಾಗಿ ಕೊರೆದಳು. ಒಂದೊಂದು ಬೆರಳೂ ಬಿಡದೆ ಸುತ್ತಿ ಬಂದಳು. ಗೆರೆ ಸೇರಿಸಿ, ಅವನು ಕೈ ತೆಗೆದ ಮೇಲೆ ಇನ್ನೊಂದು ಮೊಳೆ ಹೊಡೆದಳು. ಕ್ಲೆಮ್ ಕಣ್ಣು ಮುಚ್ಚಿ ಕಾದ. ಅಂಗೈ ಉರಿಯುತ್ತಲೇ ಇತ್ತು. ಮಂಡಿಯ ಕೆಳಗೆ ಸೀಸ ಕೊರೆಯುವಷ್ಟು ತಣ್ಣಗಿತ್ತು. ಒಂದು ನೋವೂ ಹೋಗಲಿಲ್ಲ, ಎಲ್ಲವೂ ತಿಳಿಯುತ್ತಿತ್ತು.

“ಆಯ್ತಾ?” ಎಂದಳು ಟೆಸ್ಸಾ. ಉಳಿ, ಸುತ್ತಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡು ಎದ್ದು, ಏಣಿ ಇದ್ದ ಕಡೆ ಹೋಗದೆ, ಹತ್ತಿರವಿದ್ದ ಅಂಚಿನ ಕಡೆಗೆ ನಡೆಯತೊಡಗಿದಳು.